ನಿಂತೇ ಕುಡಿದ ಚಹಾ

"ಕಪ್ಪ ಕೆಳಗಿಡ್ರಿ! ಅದು ನಿಮ್ಮ ಕೆಲಸಲ್ಲ!"

ನಿಖಿತಾ ಬೆಚ್ಚಿಬಿದ್ದಳು. ಬೆಳಗಾವಿಯ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿ ಅವಳಿಗೆ ಅದು ಮೊದಲ ದಿನ. ಸ್ಟಾಫ್ ರೂಮಿನಲ್ಲಿ ಎಲ್ಲರ ಚಹಾದ ಕಪ್ಪು ಕೂಡಿಸಿ ತೊಳೆಯಲು ನಿಂತಿದ್ದಳು. ಅರ್ಥಶಾಸ್ತ್ರ ಕಲಿಸುವ ಗೌರೀಶ ಅವಳ ಕೈಯಿಂದ ಕಪ್ಪು ಕಸಿದುಕೊಂಡಿದ್ದ.

ಕೈ ತಾನಾಗಿಯೇ ಹೋಗಿತ್ತು, ಪಾಪ! ಖಾನಾಪುರ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವ್ವ ಶಿವಲಿಂಗವ್ವ ಪಾತ್ರೆ ತಿಕ್ಕುತ್ತಾಳೆ. ಅವಳ ಬಾಜು ಲೋಟ ತೊಳೆಯುತ್ತಲೇ ಎಂ.ಎ. ಮುಗಿಸಿದ ಹುಡುಗಿ ಇದು.

'ತಿಳಿದುಬಿಡ್ತು... ನಾ ಎಲ್ಲಿಂದ ಬಂದಾಕಿ ಅಂತ ಇವರಿಗೆ ತಿಳಿದುಬಿಡ್ತು!'

ಅಂದಿನಿಂದ ಅವನ ಕಣ್ಣು ತಪ್ಪಿಸಿ ಓಡಾಡಿದಳು. ಆದರೆ ಮನಸ್ಸು ಮಾತು ಕೇಳಬೇಕಲ್ಲ? ಅವನ ಹೆಜ್ಜೆಯ ಸದ್ದಿಗೇ ಎದೆ ಡವಗುಟ್ಟುತ್ತಿತ್ತು. ವರ್ಷದ ಕೊನೆಗೆ ಅವನೇ ಕೇಳಿದ.

"ಮದುವಿ ಆಗೂಣೇನ್ರಿ?"

"ಆಗೂದಿಲ್ರಿ..."

ಅಷ್ಟೇ ಹೇಳಿ ಖಾನಾಪುರದ ಬಸ್ಸು ಹತ್ತಿ ಕಣ್ಣೀರು ಹಾಕಿದಳು.

ಬೆಳಗಾವಿಯ ಹಿಂದವಾಡಿಯ ಸಿರಿವಂತ ವಕೀಲರ ಮಗ ಗೌರೀಶ ಸುಮ್ಮನಿರಬೇಕಲ್ಲ! ಭಾನುವಾರ ಖಾನಾಪುರಕ್ಕೇ ಬಂದಿಳಿದ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿದು, ಲೋಟ ಎತ್ತಲು ಬಂದ ಹೆಂಗಸನ್ನು ಕೇಳಿದ.

"ನಿಖಿತಾ ಮೇಡಂ ಮನಿ ಎಲ್ಲೈತ್ರಿ?"

"ಆಕಿ ನನ್ನ ಮಗಳ್ರೀ, ಸಾಹೇಬ್ರ."

ಅವನು ದಡಬಡಿಸಿ ಎದ್ದು ತನ್ನ ಖುರ್ಚಿಯನ್ನೇ ಸರಿಸಿಕೊಟ್ಟ. "ಅವ್ವಾರ, ಕುಂದರ್ರಿ."

"ಅಯ್ಯ ಶಿವನ! ಗಿರಾಕಿ ಮುಂದ ನಾ ಹೆಂಗ ಕುಂದರ್ಲಿ?"

ಒಳಗೆ ಅವ್ವನಿಗೆ ನೆರವಾಗುತ್ತಿದ್ದ ನಿಖಿತಾ ಒದ್ದೆ ಕೈಯಲ್ಲೇ ಹೊರಬಂದಳು. ಇನ್ನು ಮುಚ್ಚಿಡುವುದೇನಿತ್ತು?

"ನೋಡಿದ್ರಲ್ಲ? ನಾಳೆ ಮದುವಿ ಮಂಟಪದಾಗೂ ನಮ್ಮವ್ವ ಹಿಂಗ ನಿಂತಿರ್ತಾಳ. ನಿಮ್ಮ ಮಂದಿ ಮುಂದ ಆಕಿಗೆ ಕುಂದ್ರಾಕ ಬರೂದಿಲ್ಲ. ನನಗೂ ಬರೂದಿಲ್ಲ! ಪ್ರಿನ್ಸಿಪಾಲರು ಕುಂದರ್ರಿ ಅಂದ್ರೂ ಕಾಲು ಕೇಳೂದಿಲ್ಲ. ಏನ್ ಮಾಡ್ಲಿ ನಾ? ಅವತ್ತ ಕಪ್ಪ ಕಸ್ಗೊಂಡು ನೀವಽ ತೋರಿಸಿಕೊಟ್ರಿ, ನಾ ಯಾರು ಅಂತ..."

"ಖರೇ ಹೇಳ್ತೀನ್ರಿ, ಅದು ನನ್ನ ಎಂಜಲ ಕಪ್ಪಾಗಿತ್ತು. ನನಗಽ ನಾಚಿಕಿ ಆತು."

ಅವಳು ದಿಗ್ಭ್ರಮೆಯಿಂದ ನೋಡಿದಳು. ಒಂದು ವರ್ಷ ಸುಮ್ಮನೆ ಮನಸ್ಸು ಸುಟ್ಟುಕೊಂಡಿದ್ದೆನೇ?

ಗೌರೀಶ ಶಿವಲಿಂಗವ್ವನನ್ನು ಕೂರಲು ಇನ್ನೊಮ್ಮೆ ಕರೆದ. ಅವಳು ಗೋಡೆಗೆ ಇನ್ನಷ್ಟು ಸರಿದು ನಿಂತಳು. ಇದು ಬಾಯಿಮಾತಿಗೆ ಬಗ್ಗುವುದಲ್ಲ ಎಂದು ಅವನಿಗೂ ತಿಳಿಯಿತು. ಸೋತವನಂತೆ ಖುರ್ಚಿಯನ್ನು ಮೇಜಿನ ಕೆಳಗೆ ತಳ್ಳಿದ.

"ಹಂಗಾರ ನಾನೂ ನಿಂದರ್ತೀನ್ರಿ."

"ಎಲ್ಲಿ?"

"ಇಲ್ಲೆ... ಮಂಟಪದಾಗೂ. ಅವ್ವಾರು ಕುಂದ್ರೂತನಕ."

ಶಿವಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮೂರು ಚಹಾ ತಂದಳು. ಮೂವರೂ ನಿಂತೇ ಕುಡಿದರು.

"ಕಾಲು ನೋಯ್ತಾವ್ರಿ..." ನಿಖಿತಾ ಬಿಕ್ಕುತ್ತಲೇ ಅಂದಳು. "ನಮ್ಮವ್ವ ಲಗೂನ ಕುಂದ್ರಾಕಿ ಅಲ್ಲ."

"ನೋಯ್ಲಿ ಬಿಡ್ರಿ. ನೀವು ಬಾಜು ಇರ್ತೀರಲ್ಲ?"

"ಇರ್ತೀನ್ರಿ."