ಬರಿಹೊಟ್ಟೆಯ ಕಲ್ಲು

"ಬರೀ ಕಲ್ಲು ಮಾತ್ರ ತಿರುಗಿಸ್ಬೇಡಿ ಮುನೀಂದ್ರ ಭಾಯ್. ಒಂದು ಹಿಡಿಯಾದ್ರೂ ಕಾಳು ಹಾಕಿ" ಎಂದಳು ಸಾಬಿರಾ. ಶಿವಾಜಿನಗರದ ತನ್ನ ಮಾವನ ಹಳೇ ಹಿಟ್ಟಿನ ಗಿರಣಿಯನ್ನು ಬೆನ್ಸನ್ ಟೌನಿನ ಯಂತ್ರಗಳ ಮ್ಯೂಸಿಯಮ್ಮಿಗೆ ಕೊಟ್ಟವಳು ಅವಳೇ.

"ಕಲ್ಲು ಸವೆಯುತ್ತೆ ಅಂತಾನಾ? ಅಷ್ಟೂ ಗೊತ್ತಿಲ್ವೇನ್ರೀ ನಂಗೆ?" ಮುನೀಂದ್ರ ನಕ್ಕ. ಹೊಸದಾಗಿ ಸೇರಿದ್ದರೂ ಅಲ್ಲಿನ ಸತ್ತ ಯಂತ್ರಗಳನ್ನೆಲ್ಲ ಓಡಿಸಿ ತೋರಿಸಿದ ಆಸಾಮಿ. ಹೇಳಿದರೆ ಕೇಳುವ ಪೈಕಿಯೇ ಅಲ್ಲ.

ಸಾಬಿರಾ ದನಿ ತಗ್ಗಿಸಿದಳು. ಗಿರಣಿಯಲ್ಲಿ ಕಾಳು ಹಸನು ಮಾಡುವ ಹೆಂಗಸೊಬ್ಬಳು ನೆಲದ ಹಿಟ್ಟು ಗುಡಿಸಿಕೊಂಡು ಹೋಗಿ ಮಗುವಿಗೆ ಅಂಬಲಿ ಕಾಯಿಸುತ್ತಿದ್ದಳಂತೆ. ಮಾವ ಅದನ್ನೂ ತಡೆದ. ಮಗು ಹಸಿವಿನಿಂದ ಸತ್ತಿತು. ಅದರ ಕೂದಲನ್ನು ಕಲ್ಲಿನ ಬಿರುಕಿಗೆ ತುಂಬಿ, ಅರಗು ಬಳಿದು ಅವಳು ಮಾಟ ಮಾಡಿಸಿದಳು: ಈ ಕಲ್ಲು ಬರಿಹೊಟ್ಟೆಯಲ್ಲಿ ತಿರುಗಿದರೆ, ತಿರುಗಿಸಿದವನ ಕರುಳಬಳ್ಳಿಯೇ ಹಿಟ್ಟಾಗಲಿ!

"ಮಾವ ಒಂದ್ಸಲ ತಿರುಗಿಸಿದ್ರು. ಮನೆ ತುಂಬಾ ಮಕ್ಕಳಿದ್ರೂ ಅಪ್ಪ ಅಂತ ಗುರುತು ಹಿಡಿಯೋರಿಲ್ದೆ ಒಂಟಿಯಾಗೇ ಸತ್ರು."

"ಅಯ್ಯೋ, ಬಿಡ್ರೀ!"

ಕಾಳು ಹಾಕಿದರೆ ಇಲಿ ಬರುತ್ತವೆ, ಹಿಟ್ಟು ಹಾರಿ ಉಳಿದ ಯಂತ್ರಗಳಿಗೆ ಮೆತ್ತುತ್ತದೆ. ನೋಡುವವರಿಗೆ ಓಟ ಸಾಕು, ಹಿಟ್ಟು ಯಾರಿಗೆ ಬೇಕು? ಅದು ಅವನ ವಾದ. ಸಾಲದ್ದಕ್ಕೆ ಅವತ್ತು ಮಧ್ಯಾಹ್ನ ಶ್ವೇತ ಬರುವವಳಿದ್ದಳು, ಅವನ ಒಬ್ಬಳೇ ಮಗಳು. ಹೆಂಡತಿ ಬಿಟ್ಟು ಹೋದಾಗ ತಾಯಿಯ ಜೊತೆ ಕಮ್ಮನಹಳ್ಳಿ ಸೇರಿದವಳು ವರ್ಷಗಟ್ಟಲೆ ಫೋನೂ ಎತ್ತಿರಲಿಲ್ಲ. ತಾನೇ ಬೇಯಿಸಿ, ತಾನೇ ತಿಂದು, ಗೋಡೆಯ ಜೊತೆ ಮಾತಾಡಿ ಬೇಸತ್ತಿದ್ದ ಜೀವಕ್ಕೆ ಉಳಿದಿದ್ದು ಇದೊಂದೇ ಆಸೆ.

ಬಂದಳು. ಗಿರಣಿಯ ಸುತ್ತ ಒಂದು ಸುತ್ತು ಹಾಕಿದಳು. "ಅಪ್ಪ, ಇದು ನಿಜವಾಗ್ಲೂ ಓಡುತ್ತಾ?"

ಅಪ್ಪ! ಆ ಒಂದು ಮಾತು ಕೇಳಿ ಎಷ್ಟು ವರ್ಷವಾಗಿತ್ತು! "ನೋಡ್ತಾ ಇರು ಮಗಳೇ" ಎಂದವನೇ ಎಂಜಿನ್ನಿನ ಹ್ಯಾಂಡಲು ತಿರುವಿದ.

ಡೀಸೆಲ್ಲಿನ ಕಮಟು ಹೊಗೆ ಎದ್ದಿತು. ಬೆಲ್ಟು ಪಟಪಟ ಬಡಿಯಿತು. ಕಲ್ಲಿಗೆ ಕಲ್ಲು ಉಜ್ಜಿ ಕಿಡಿ ಹಾರಿತು. ಶ್ವೇತ ಚಪ್ಪಾಳೆ ತಟ್ಟಿದಳು.

ಅಷ್ಟರಲ್ಲಿ ಗಿರಣಿಯ ಕೆಳಬಾಯಿಂದ ಹಿಟ್ಟು ಬೀಳತೊಡಗಿತು.

ಕಾಳೇ ಹಾಕಿಲ್ಲವಲ್ಲ! ಅಂಗೈ ಒಡ್ಡಿದ. ಬೆಚ್ಚಗಿತ್ತು. ಮೂಗಿಗೆ ಹಿಡಿದ. ಎಳೆಗೂಸಿನ ನೆತ್ತಿ, ಹರಳೆಣ್ಣೆ, ಸಾಂಬ್ರಾಣಿ ಹೊಗೆ. ಶ್ವೇತಳನ್ನು ಮೊದಲ ಸಲ ಎತ್ತಿಕೊಂಡ ದಿನದ್ದೇ ವಾಸನೆ. ತಲೆ ಎತ್ತಿದ. ಮಗಳ ಮುಖದಲ್ಲಿ ನಗು ಆರುತ್ತಿತ್ತು.

ಓಡಿ ಹೋಗಿ ಡೀಸೆಲ್ ನಿಲ್ಲಿಸಿದ. ಎಂಜಿನ್ ನಿಲ್ಲಲಿಲ್ಲ. ಬೆಲ್ಟಿಗೆ ಕೈ ಹಾಕಿದ. ಚರ್ಮ ಸುಲಿಯಿತು. ಊಟದ ಡಬ್ಬಿ ತಂದು ಅನ್ನವನ್ನೆಲ್ಲ ಸುರಿದ. ಕಲ್ಲು ಅದನ್ನು ಮುಟ್ಟಲಿಲ್ಲ. ಹಿಟ್ಟು ಬೀಳುತ್ತಲೇ ಇತ್ತು. ಜ್ವರದ ಹಣೆಗೆ ಹಚ್ಚಿದ ಮುಲಾಮಿನ ವಾಸನೆ. ಒದ್ದೆ ಯೂನಿಫಾರ್ಮಿನ ವಾಸನೆ.

"ಶ್ವೇತಾ! ಇಲ್ಲಿ ನೋಡು! ಅಪ್ಪ ಕಣೇ!"

ಗಿರಣಿಯ ಸದ್ದು ಅವನ ಕೂಗನ್ನು ನುಂಗಿತು. ಆಮೇಲೆ ತಾನಾಗಿಯೇ ನಿಂತಿತು. ಹೊಟ್ಟೆ ತುಂಬಿತ್ತಲ್ಲ.

ನೆಲದ ಮೇಲೆ ಹಿಟ್ಟಿನ ಗುಡ್ಡೆ. ಅದನ್ನು ಎರಡೂ ಕೈಯಲ್ಲಿ ಬಾಚಿ ಎದೆಗವಚಿಕೊಂಡು ಮಗಳತ್ತ ತಿರುಗಿದ. ಅವಳು ಹಿಂದೆ ಸರಿದಳು. ಗುರುತಿಲ್ಲದವರನ್ನು ನೋಡಿ ನಗುವಂತೆ ಸಣ್ಣಗೆ ನಕ್ಕಳು.

"ಸೂಪರಾಗಿತ್ತು ಅಂಕಲ್."

"ನಿಮ್ಮಪ್ಪ..." ಎಂದ ಅವನು.

"ಅಪ್ಪ ಇಲ್ಲ ಅಂಕಲ್, ನಾನೊಬ್ಳೇ ಬಂದಿದ್ದೀನಿ" ಎಂದು ಅವಳು ಫೋನು ಚಾಚಿದಳು. "ಮಿಶನ್ ಜೊತೆ ನಂದೊಂದು ಫೋಟೋ ತೆಗೀತೀರಾ?"

ಮುನೀಂದ್ರ ತೆಗೆದುಕೊಟ್ಟ.