ನಾಲ್ಕನೇ ಗ್ಲಾಸು

ಬಾಗಿಲು ತಳ್ಳಿಕೊಂಡು ಒಳಗೆ ಬಂದವನನ್ನು ಕಂಡು ಅವಳ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ.

ಮೂರು ವರ್ಷ! ಒಂದು ಮಾತೂ ಹೇಳದೆ ಊರು ಬಿಟ್ಟವನು ಈಗ ತೀರ್ಪುಗಾರರ ಕುರ್ಚಿ ಎಳೆದುಕೊಂಡು ಸರಿಯಾಗಿ ಅವಳ ಎದುರಿಗೇ ಕೂತಿದ್ದ. ಕಿವಿಯ ಹತ್ತಿರ ನಾಲ್ಕಾರು ಬಿಳಿಕೂದಲು. ಇಸ್ತ್ರಿ ಕಾಣದ ಅಂಗಿ.

'ಓ, ಬಂದಿದ್ದಾನೆ' ಅಂದುಕೊಂಡಳು, ಬಸ್ಸು ಬಂತು ಅನ್ನುವ ಹಾಗೆ. ಅಷ್ಟೇ.

"ಹೊರಗಿನ ತೀರ್ಪುಗಾರ ಒಬ್ಬ ಬೇಕು ಅಂದ್ರಲ್ಲ, ಇವನೇ ಸಿಕ್ಕಿದ್ದು," ಸೋದರತ್ತೆ ಕಿವಿಯಲ್ಲಿ ಪಿಸುಗುಟ್ಟಿದಳು. "ಮುಖ ಗಂಟು ಹಾಕ್ಕೋಬೇಡ ಕಣೇ."

"ನನಗೇನತ್ತೆ?"

ನಿಜಕ್ಕೂ ಏನೂ ಇರಲಿಲ್ಲ. ಅದೇ ಅವಳ ಕಷ್ಟ.

ವೈನರಿ ಅವಳ ಅಪ್ಪನದು. ಸುತ್ತಲಿನ ದ್ರಾಕ್ಷಿ ತೋಟದವರು ತಮ್ಮ ತಮ್ಮ ಶೆಡ್ಡಿನಲ್ಲಿ ಮಾಡಿದ ಕೆಂಪು ವೈನನ್ನು ವರ್ಷಕ್ಕೊಮ್ಮೆ ಇಲ್ಲಿಗೆ ತರುತ್ತಿದ್ದರು. ಬಾಟಲಿಗೆ ಬಟ್ಟೆ ಚೀಲ, ಚೀಲದ ಮೇಲೆ ಬರೀ ನಂಬರು. ಯಾರದು ಯಾವುದೆಂದು ಯಾರಿಗೂ ಗೊತ್ತಿಲ್ಲ. ಗೆದ್ದ ವೈನಿಗೆ ವೈನರಿಯ ಲೇಬಲ್ಲು.

ರುಚಿ ನೋಡುವುದರಲ್ಲಿ ಅವಳದೇ ಕೊನೆಯ ಮಾತು. ಬಾಗಿಲ ಹಿಂದೆ ನೇತುಹಾಕಿದ ಕೋಟು ಯಾರದೆಂದು ಎಳೆವಯಸ್ಸಿನಲ್ಲೇ ಕಣ್ಣು ಮುಚ್ಚಿ ಹೇಳುತ್ತಿದ್ದವಳು. ಎಲ್ಲರ ಬಾಯಲ್ಲೂ ಅವಳು 'ಮೂಗುರಾಣಿ'.

ಆ ಮೂಗು ಸತ್ತು ಮೂರು ವರ್ಷವಾಗಿತ್ತು.

ಒಂದು ವಾರದ ಜ್ವರ. ಎದ್ದಾಗ ಜಗತ್ತಿಗೆ ವಾಸನೆಯೇ ಇರಲಿಲ್ಲ. ಅದಾದ ಹತ್ತೇ ದಿನಕ್ಕೆ ಅಮ್ಮ ತೀರಿಕೊಂಡಳು. ಅಮ್ಮನ ಶಾಲಿಗೆ ಮುಖ ಒತ್ತಿಕೊಂಡರೆ ಬರೀ ಬಟ್ಟೆ! ಅಂಗಡಿಯಿಂದ ಈಗಷ್ಟೇ ತಂದಂಥ ಬಟ್ಟೆ. ಅವಳಿಗೆ ಅಳುವೂ ಬರಲಿಲ್ಲ. "ಪಾಪ, ದುಃಖ ಎಲ್ಲಾ ಒಳಗೇ ಇಟ್ಕೊಂಡಿದ್ದಾಳೆ," ಅಂದರು ಜನ. ಒಳಗೆ ನೋಡಿಕೊಂಡರೆ ಅಲ್ಲೂ ಏನೂ ಇರಲಿಲ್ಲ...

ಹೆಂಡತಿಯನ್ನು ಕಳೆದುಕೊಂಡು ಕೂತ ಅಪ್ಪನಿಗೆ ಇದನ್ನೂ ಹೇಳುವುದು ಹೇಗೆ? ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಎಂದು ದಿನ ದೂಡಿದಳು. ಹುಳಿ, ಒಗರು, ಕಹಿ ನಾಲಿಗೆಗೆ ತಿಳಿಯುತ್ತಿತ್ತು. ಬಣ್ಣ ಕಣ್ಣಿಗೆ ಕಾಣುತ್ತಿತ್ತು. ಉಳಿದದ್ದನ್ನು ಪಕ್ಕದಲ್ಲೇ ಕೂತು ರುಚಿ ನೋಡುವ ಸೋದರತ್ತೆಯ ಹುಬ್ಬು ನೋಡಿ ಬರೆಯುತ್ತಿದ್ದಳು.

ಆ ವರ್ಷವೇ ಅವನೂ ತನ್ನ ಮೊದಲ ವೈನು ತಂದಿದ್ದ. ಗುಡ್ಡದ ಇಳಿಜಾರಿನಲ್ಲಿ ಕೈಯಾರೆ ನೆಟ್ಟ ಬಳ್ಳಿಗಳದು. ಅದಕ್ಕೆ ಒಂದು ತಿಂಗಳ ಹಿಂದೆ, ಅವಳು ಜ್ವರದಲ್ಲಿ ಮಲಗಿದ್ದಾಗ, "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದ್ದ. "ಸ್ವಲ್ಪ ದಿನ ಕೊಡು," ಅಂದಿದ್ದಳು.

ಪಟ್ಟಿಯಲ್ಲಿ ಅವನ ವೈನು ಕಟ್ಟಕಡೆಗೆ ಬಂತು. ಅತಿ ಕಡಿಮೆ ಅಂಕ ಕೊಟ್ಟವಳು ಅವಳೇ. ಮಾರನೆಯ ಬೆಳಿಗ್ಗೆ ಅವನಿರಲಿಲ್ಲ.

'ಒಂದು ಸೋಲಿಗೇ ಓಡಿಹೋದ. ಇಷ್ಟೇನಾ ಪ್ರೀತಿ!' ಎಂದು ಸಿಟ್ಟು ಬಂದಿತ್ತು. ಆ ಸಿಟ್ಟೂ ವಾರದೊಳಗೆ ತಣ್ಣಗಾಗಿತ್ತು.

"ಶುರು ಮಾಡೋಣ?" ಅಪ್ಪ ಚೀಲ ಹೊದ್ದ ಬಾಟಲಿಗಳನ್ನು ಒಂದೊಂದಾಗಿ ಬಗ್ಗಿಸುತ್ತಾ ಬಂದರು.

ಒಂದು. ಎರಡು. ಮೂರು. ಗ್ಲಾಸು ತಿರುಗಿಸು, ಮೂಸು, ಬಾಯಿಗೆ ಹಾಕಿಕೋ, ಡಬ್ಬಕ್ಕೆ ಉಗಿ, ಬರೆ. ಕೈ ತಾನಾಗಿ ಕೆಲಸ ಮಾಡುತ್ತಿತ್ತು.

ನಾಲ್ಕನೆಯದರ ಹೊತ್ತಿಗೆ ಸೋದರತ್ತೆ ಕನ್ನಡಕ ಹುಡುಕಲು ಮೇಜಿನ ಕೆಳಗೆ ಬಗ್ಗಿದ್ದಳು. ಹುಬ್ಬು ಕಾಣಲಿಲ್ಲ. ಬಣ್ಣ ಗಾಢವಾಗಿತ್ತು, ಒಗರು ಹದವಾಗಿತ್ತು.

"ಇದು ಚೆನ್ನಾಗಿದೆ," ಅಂದುಬಿಟ್ಟಳು. "ಇವತ್ತಿನದರಲ್ಲಿ ಇದೇ ಮೇಲು."

ಇನ್ನೊಬ್ಬ ತೀರ್ಪುಗಾರ, ಹೋಟೆಲ್ ಮಾಲೀಕ, ಗ್ಲಾಸನ್ನು ದೂರ ತಳ್ಳಿದ. "ಏನಮ್ಮಾ ಮೂಗುರಾಣಿ, ತಮಾಷೆನಾ? ಬಿರಡೆ ಕೆಟ್ಟು ವೈನೇ ಹಾಳಾಗಿದೆ. ನೆನೆದ ರಟ್ಟಿನ ವಾಸನೆ ಈ ತುದಿಗೇ ಹೊಡೀತಿದೆ!"

ಅವಳು ಗ್ಲಾಸನ್ನೇ ನೋಡಿದಳು. 'ಆಯ್ತು. ಮುಗೀತು.' ಭಯವೂ ಆಗಲಿಲ್ಲ.

ಎದುರಿಗೆ ಕೂತವನು ಅವಳನ್ನೇ ದಿಟ್ಟಿಸುತ್ತಿದ್ದ. ಅವನ ಮುಖದಲ್ಲಿ ಏನೋ ಸರಸರ ಬದಲಾಯಿತು. ತನ್ನ ಗ್ಲಾಸು ಎತ್ತಿದ, ಮೂಸಿದ, ಒಂದು ಗುಟುಕು ನುಂಗಿಯೇಬಿಟ್ಟ.

"ನನಗೂ ಚೆನ್ನಾಗೇ ಇದೆ ಅನ್ನಿಸ್ತು," ಅಂದ.

ಹೋಟೆಲ್ ಮಾಲೀಕ ಅವನತ್ತ ತಿರುಗಿದ. "ನಿಮಗೂ ನೆಗಡೀನಾ?"

ಅವನು! ಅವಳಪ್ಪನ ವೈನನ್ನು ಅವಳಪ್ಪನ ಮುಂದೆಯೇ 'ಉಪ್ಪಿನಕಾಯಿಗೆ ಹಾಕಿ' ಎಂದಿದ್ದವನು! ಸುಳ್ಳು ಹೇಳಲು ಬಾರದೆ ಅವನ ಕಿವಿ ಕೆಂಪಾಗಿತ್ತು.

ಆ ಕೆಂಪಾದ ಕಿವಿ ಅವಳೊಳಗೆ ಎಲ್ಲೋ ತಾಗಿತು. ಜೋಮು ಹಿಡಿದ ಕಾಲಿಗೆ ಯಾರೋ ಚಿವುಟಿದ ಹಾಗೆ...

"ಬಿಡು," ಅಂದಳು. "ನನಗೋಸ್ಕರ ನಿನ್ನ ಹೆಸರು ಯಾಕೆ ಹಾಳು ಮಾಡ್ಕೋತೀಯ? ಅಪ್ಪಾ, ನನಗೆ ವಾಸನೆ ಬರಲ್ಲ. ಮೂರು ವರ್ಷದಿಂದ."

ಅಪ್ಪ ಬಾಟಲಿ ಕೆಳಗಿಟ್ಟರು. "ಅಮ್ಮ ಹೋದಾಗಿನಿಂದಾನಾ?"

"ಅದಕ್ಕೂ ಹತ್ತು ದಿನ ಮುಂಚೆ."

"ನನಗ್ಯಾಕೆ ಹೇಳಲಿಲ್ಲ ಮಗಳೇ?"

"ನಿಮಗೆ ಆಗಲೇ ಸಾಕಾಗಿತ್ತಲ್ಲಪ್ಪಾ." ಪೆನ್ನಿನ ಮುಚ್ಚಳ ಹಾಕಿದಳು. "ನಾನು ಕೊಟ್ಟ ಅಂಕಗಳೆಲ್ಲ ಸುಳ್ಳು. ಸೋತವರ ಮನೆಮನೆಗೂ ಹೋಗಿ ನಾನೇ ಹೇಳಿ ಬರ್ತೀನಿ."

ಸೋದರತ್ತೆ ಕನ್ನಡಕ ಕೈಯಲ್ಲಿ ಹಿಡಿದುಕೊಂಡೇ ಕಣ್ಣೊರೆಸಿಕೊಂಡಳು.

ಅವಳು ಪೀಪಾಯಿಗಳ ಕೋಣೆಗೆ ಇಳಿದು ಕಲ್ಲುಮೆಟ್ಟಿಲ ಮೇಲೆ ಕೂತಳು. ಹಿಂದೆಯೇ ಹೆಜ್ಜೆ ಸದ್ದು. ಅವನು ಒಂದು ಮೆಟ್ಟಿಲು ಕೆಳಗೆ ಕೂತ.

"ಸೋತವರಲ್ಲಿ ಮೊದಲನೆಯವನು ನಾನು," ಅಂದ. "ಹೇಳು."

"ಅದು ನಿನ್ನದು ಅಂತ ಗೊತ್ತಾಗಲಿಲ್ಲ ಕಣೋ. ನೀರಿನ ಹಾಗಿತ್ತು. ಎಲ್ಲಾ ನೀರಿನ ಹಾಗೇ ಇತ್ತು."

ಅವನು ಪಕ್ಕದ ಪೀಪಾಯಿಯ ಮೇಲೆ ಕೈ ಇಟ್ಟ.

"ನನ್ನ ಪೀಪಾಯಿಯಿಂದ ಇಪ್ಪತ್ತು ಸಲ ಕುಡಿದು ನೋಡಿದ್ದೆ ನೀನು. ಸಾವಿರದಲ್ಲೂ ಗುರುತು ಹಿಡೀತೀನಿ ಅಂದಿದ್ದೆ. ಗೊತ್ತಿದ್ದೇ ಕೊನೆಗೆ ಹಾಕಿದ್ದಾಳೆ, ಇದೇ ಅವಳ ಉತ್ತರ ಅಂದ್ಕೊಂಡೆ. ಬೇಡ ಅನ್ನೋದನ್ನ ಬಾಯಲ್ಲೇ ಹೇಳಬಹುದಿತ್ತಲ್ಲಾ ಅಂತ..."

"ಉತ್ತರಾನಾ?" ಅವಳು ತಿರುಗಿ ನೋಡಿದಳು. "ಸೋತೆ ಅಂತ ಹೋದೆ ಅಂದ್ಕೊಂಡಿದ್ದೆ ನಾನು!"

"ಸೋಲೋಕೇನು, ಬೇರೆ ಊರುಗಳಲ್ಲಿ ನಾಲ್ಕು ಸಲ ಸೋತಿದ್ದೀನಿ ಆಮೇಲೆ."

ಅವಳಿಗೆ ನಗು ಬಂತೋ ಉಸಿರು ಬಂತೋ ತಿಳಿಯಲಿಲ್ಲ.

"ಬೇಡ ಅನ್ನೋಕೆ ಅಲ್ಲ ದಿನ ಕೇಳಿದ್ದು," ಎಂದಳು ಮೆಲ್ಲಗೆ. "ಜ್ವರ ಬಿಟ್ಟಿರಲಿಲ್ಲ. ಸರಿಹೋದ ಮೇಲೆ ಹೂಂ ಅನ್ನೋಣ ಅಂತಿದ್ದೆ. ಸರಿಹೋಗಲೇ ಇಲ್ಲ. ಇನ್ನು ಮೇಲೂ ವಾಸನೆ ಬರದೇ ಇರಬಹುದು. ಅದಷ್ಟೇ ಅಲ್ಲ... ಬೇರೇನೂ ಬರಲ್ಲ ನನಗೆ. ಖುಷಿ, ದುಃಖ, ಯಾವುದೂ. ಇಂಥವಳನ್ನ ಕಟ್ಕೊಂಡು ಏನ್ಮಾಡ್ತೀಯ?"

"ನನಗೂ ಮೂರು ವರ್ಷ ನೀನಿಲ್ಲದೆ ಏನು ಮಾಡೋದು ಅಂತ ತಿಳೀಲಿಲ್ಲ," ಅಂದ ಅವನು. "ಇಬ್ಬರಿಗೂ ತಿಳೀದೇ ಇದ್ರೆ ಜೊತೇಲೇ ಇರೋಣ. ಯಾವುದಕ್ಕೂ ಅವಸರ ಇಲ್ಲ."

ಅವಳು ಏನೋ ಹೇಳಹೋದಳು. ಅವನು ಕೈ ಚಾಚಿ ಅವಳ ಕೆನ್ನೆ ಮುಟ್ಟಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದ.

"ಅಳ್ತಿದ್ದೀಯಲ್ಲೇ..."

"ಹೌದಾ?"

"ಹೂಂ."

"ಹಾಗಾದ್ರೆ ಈಗಲೇ ಎದ್ದು ಹೋಗ್ಬೇಡ."

"ಎಲ್ಲಿಗೂ ಹೋಗಲ್ಲ. ನೀನು ಅತ್ತುಬಿಡು."