ಹಿಂದಿನ ಏಣಿಯ ಕೊನೆಯ ಮೆಟ್ಟಿಲು

“ಮೆಟ್ಟಲ ನೆಟ್ಟಗ ಐತಿ,” ಎಂದಳು ಸುಮಂಗಲಾ. “ಹಂಗ ಇದ್ದಿಲ್ಲ ಅದು.”

ನನಗೆ ತಲೆ ಕೆಟ್ಟಿತು. ದೀಪಾವಳಿಯಿಂದ ಕೂತು, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕಟ್ಟಿದ ಕೆಂಪು ಬಸ್ಸು ಅಂಗಡಿಯ ಮೇಜಿನ ಮೇಲಿತ್ತು. ಅವಳಪ್ಪ ಚಂದಪ್ಪ ಕಾಕಾ ಬಾಗೇವಾಡಿಯಿಂದ ನಮ್ಮೂರು ಇಂಗಳೇಶ್ವರಕ್ಕೆ ಓಡಿಸುತ್ತಿದ್ದ ಹಳೆಯ ಗಾಡಿಯ ಮಾದರಿ. ಶನಿವಾರ ಅವರ ನಿವೃತ್ತಿ. ಮಗಳು ಕೊಡುವ ಉಡುಗೊರೆ ಇದು. ಉಳಿದದ್ದು ಹಿಂದಿನ ಏಣಿಯೊಂದೇ. ಪುಣೆಯಿಂದ ತರಿಸಿದ ಕಾಗದದಂಥ ಹಿತ್ತಾಳೆ ಹಾಳೆಯಲ್ಲಿ, ಆಮ್ಲದಿಂದ ಕೊರೆದ ಪುಟ್ಟ ಏಣಿಗಳು ಎರಡಿದ್ದವು, ಚೌಕಟ್ಟಿಗೆ ಅಂಟಿಕೊಂಡೇ.

ಮೆಟ್ಟಿಲು ನೆಟ್ಟಗಿರದೆ ಇನ್ನು ಹೇಗಿರಬೇಕು ಎಂದು ರೇಗಿದೆ.

“ಬಾಗಿಸಿದಾಂವನ ಕೇಳಾಕತ್ತಾನ ನೋಡು,” ಎಂದು ಅವಳು ನಕ್ಕಳು. ಆ ನಗುವಿಗೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ನನ್ನ ಸಿಟ್ಟು ಅಲ್ಲಿಗೇ ಮುಗ್ಗರಿಸುತ್ತದೆ, ಯಾವಾಗಲೂ.

ಒಂಬತ್ತನೇ ಇಯತ್ತೆಯಲ್ಲಿ ಮಾಸ್ತರರೊಬ್ಬರು, ನಿಮ್ಮಂಥವರಿಗೆ ಸಾಲಿ ಯಾಕೆ ಎಂದಿದ್ದರು. ಚೀಲವನ್ನು ಅವರ ಟೇಬಲ್ ಮೇಲೆ ಒಗೆದು ಹೊರಬಿದ್ದೆ. ಈಗ ಸಿಕ್ಕರೂ ಮತ್ತೊಮ್ಮೆ ಒಗೆಯುತ್ತೇನೆ. ಮರುದಿನದಿಂದ ಬಾಗೇವಾಡಿಯ ಮೋದಿನಸಾಬ ಚಾಚಾನ ರೇಡಿಯೇಟರ್ ಅಂಗಡಿಯೇ ನನ್ನ ಸಾಲಿ. ಸಂಜೆಯ ಬಸ್ಸಿನಲ್ಲಿ ನನ್ನ ಜೊತೆ ಓದಿದವರೆಲ್ಲ ಇರುತ್ತಿದ್ದರು. ಅವರ ನಡುವೆ ಕೂರಲಾರದೆ ಹಿಂದಿನ ಏಣಿಗೆ ಜೋತು ಬೀಳುತ್ತಿದ್ದೆ.

ಹಿಂದಿನ ಸೀಟಿನಲ್ಲಿ ಸುಮಂಗಲಾ ಕೂತಿರುತ್ತಿದ್ದಳು. ನಡುವೆ ಧೂಳು ಹಿಡಿದ ಗಾಜು. ಹೊರಗಿನ ಧೂಳನ್ನು ನಾನು ತೋಳಿನಿಂದ ಒರೆಸುತ್ತಿದ್ದೆ. ಒಳಗಿನದನ್ನು ಅವಳು ಓಢಣಿಯಿಂದ. ನಮ್ಮ ಮಾತು ಅಷ್ಟೇ.

ಚಂದಪ್ಪ ಕಾಕಾ ಬಸ್ಸು ನಿಲ್ಲಿಸಿ ಬೈಯುತ್ತ ಇಳಿದು ಬರುವಷ್ಟರಲ್ಲಿ ನಾನು ಹಾರಿ ತೊಗರಿ ಹೊಲದಲ್ಲಿ. ಹಾಗೆ ಹಾರಿ ಹಾರಿ ಕೊನೆಯ ಮೆಟ್ಟಿಲು ಬಿಲ್ಲಿನಂತೆ ಬಾಗಿತ್ತು.

ಈಗ ಅವಳು ಮುದ್ದೇಬಿಹಾಳದ ದವಾಖಾನೆಯೊಂದರಲ್ಲಿ ನರ್ಸ್. ನಿವೃತ್ತಿಯ ಮರುದಿನ, ಐತವಾರ, ಸಿಂದಗಿಯಿಂದ ಗಂಡಿನವರು ಅವಳನ್ನು ನೋಡಲು ಬರುವವರಿದ್ದರು. ನನ್ನ ಹೆಸರನ್ನು ಅಪ್ಪನ ಮುಂದೆ ಎತ್ತಲು ಅವಳಿಗಿನ್ನೂ ಆಗಿರಲಿಲ್ಲ.

“ಬಾಯಿಲೆ ಹೇಳಾಕ ಆಗವಲ್ದು, ಸುನೀಲ. ಆ ಮೆಟ್ಟಲ ಹೇಳಲಿ. ಅಪ್ಪ ತನ್ನ ಗಾಡಿ ಮರ್ಯಾಂವ ಅಲ್ಲ.”

ಚಿಮಟದಿಂದ ಬಾಗಿಸಿ ನೋಡಿದೆ. ಸ್ಪ್ರಿಂಗಿನಂತೆ ಪುಟಿದು ನೆಟ್ಟಗಾಯಿತು. ಖಡಕ್ ರೊಟ್ಟಿಯಂಥ ಹಿತ್ತಾಳೆ, ಇನ್ನಷ್ಟು ಒತ್ತಿದರೆ ಮುರಿದೇಹೋಗುತ್ತದೆ. ಕಾಯಿಸಿ ಮೆತ್ತಗೆ ಮಾಡಬೇಕು. ದಿನವೂ ರೇಡಿಯೇಟರ್ ಬೆಸೆಯುವವನಿಗೆ ಬೆಂಕಿಯ ಪಾಠ ಬೇಕೆ? ಅಂಗಡಿಯ ದೊಡ್ಡ ಬರ್ನರ್ ಹಚ್ಚಿ ಉರಿಗೆ ಹಿಡಿದೆ. ಮಟಮಟ ಮಧ್ಯಾಹ್ನದ ಬೆಳಕು. ಕೆಂಪಾದದ್ದು ಕಾಣಲೇ ಇಲ್ಲ. ರೆಪ್ಪೆ ಬಡಿಯುವಷ್ಟರಲ್ಲಿ ಏಣಿ ಕರಗಿ ಹನಿಯಾಗಿ ಕಾಲ ಬಳಿ ಬಿತ್ತು.

ಚಿಮಟವನ್ನು ಗೋಡೆಗೆ ಬೀಸಿ ಒಗೆದೆ. ಸುಮಂಗಲಾ ಎದ್ದು ಹೋಗಿ ಹೆಕ್ಕಿ ತಂದಳು. ಓಢಣಿಯಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟಳು.

“ಇನ್ನೊಂದೈತಿ. ಅದನ್ನೂ ನಿನ್ನ ಸಿಟ್ಟಿಗೇ ಕೊಡ್ತೀಯೋ, ನನಗ ಕೊಡ್ತೀಯೋ?”

ಬರ್ನರ್ ಆರಿಸಿ ಪುಟ್ಟ ಸ್ಪಿರಿಟ್ ದೀಪ ಹಚ್ಚಿದೆ. ಬಣ್ಣ ಕಾಣಲು ನೆರಳು ಬೇಕು ಎಂದೆ. ಅವಳೇ ಶಟರ್ ಅರ್ಧಕ್ಕೆ ಎಳೆದಳು. ಎದುರಿನ ಚಹಾದಂಗಡಿಯ ಹಾಜಿಮಲಂಗ, ಕರೆಂಟ್ ಹೋಗಿದೆಯೇ ಎಂದು ಕೂಗಿ ಕೇಳಿದ. ಹೋಗಿದೆ ಎಂದಳು. ಒಳಗೆ ಚಾಚಾನ ರೇಡಿಯೋ ಹಾಡುತ್ತಲೇ ಇತ್ತು.

ಅರೆಗತ್ತಲಲ್ಲಿ ಹಿತ್ತಾಳೆ ಮೊದಲು ಮಂಕಾಯಿತು, ಆಮೇಲೆ ನೇರಳೆ. ಅವಳು ಬಗ್ಗಿ ನೋಡುತ್ತಿದ್ದಳು. ದೀಪದ ನೀಲಿ ಅವಳ ಗಲ್ಲದ ಕೆಳಗೆ ಅಲುಗುತ್ತಿತ್ತು.

“ಏಣಿ ನೋಡು,” ಎಂದಳು, ತಲೆ ಎತ್ತದೆ.

“ನೋಡಾಕತ್ತೇನಿ.”

“ಸುಳ್ಳ.”

ಏಣಿಯ ತುದಿಯಲ್ಲಿ ಒಂದು ಮಂದಗೆಂಪು ಹುಟ್ಟಿ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು. ತಟ್ಟನೆ ಹೊರಗೆಳೆದೆ. ತಣಿಸಲು ಊದಹೊರಟಾಗ ಅವಳು ಮಣಿಕಟ್ಟು ಹಿಡಿದಳು. ತಾನಾಗಿಯೇ ತಣಿಯಲಿ, ಅವಸರವೇನು ಎಂದಳು. ಏಣಿ ಎಂದೋ ತಣಿದಿತ್ತು. ಅವಳು ಕೈ ಬಿಡಲಿಲ್ಲ.

ಸೂಜಿಯ ಮೊನೆಯಿಂದ ಒತ್ತಿದೆ. ಬಿಸಿ ರೊಟ್ಟಿಯ ಅಂಚಿನಂತೆ ಮೆಟ್ಟಿಲು ಬಾಗಿತು, ಬಾಗಿ ಹಾಗೇ ನಿಂತಿತು. ಮತ್ತೆ ಮತ್ತೆ ತಿದ್ದಿದರೆ ಮುರಿಯುವ ಲೋಹವದು, ಒಂದೇ ಸಲಕ್ಕೆ ನಿಲ್ಲಿಸಿದೆ. ಗಾಜಿನ ತುಂಡಿನ ಮೇಲಿಟ್ಟು ಬ್ಲೇಡಿನಿಂದ ಚೌಕಟ್ಟು ಬಿಡಿಸಿದೆ, ಉಳಿದ ಮುಳ್ಳುಗಳನ್ನು ಅರದಿಂದ ಉಜ್ಜಿದೆ. ಸುಟ್ಟ ಕಪ್ಪನ್ನು ಅವಳು ಹುಣಸೆ ನೀರಿನಲ್ಲಿ, ಕೂಸಿಗೆ ಎರೆದಂತೆ, ಬೆರಳ ತುದಿಯಿಂದ ತೊಳೆದಳು.

ಶನಿವಾರ ಸಂಜೆ ಚಂದಪ್ಪ ಕಾಕಾನ ಕೊರಳಲ್ಲಿ ಡಿಪೋದವರು ಹಾಕಿದ ಹಾರ ಇನ್ನೂ ಇತ್ತು. ಸುಮಂಗಲಾ ಬಸ್ಸು ಕೊಟ್ಟು ಬಾಗಿಲ ಹಿಂದೆ ಸರಿದಳು. ನಾನು ಅಂಗಳದಾಚೆ ಕಂಬ ಹಿಡಿದು ನಿಂತಿದ್ದೆ.

ಅವರು ಬಸ್ಸನ್ನು ಮೊಮ್ಮಗುವಿನಂತೆ ಎತ್ತಿಕೊಂಡರು. ಸ್ಟೇರಿಂಗ್ ನೋಡಿ ನಕ್ಕರು. ಹಿಂದಕ್ಕೆ ತಿರುಗಿಸಿದರು. ಹೆಬ್ಬೆರಳು ಕೊನೆಯ ಮೆಟ್ಟಿಲಲ್ಲಿ ನಿಂತಿತು. ನಗು ಹೋಯಿತು.

ನನ್ನ ಮುಷ್ಟಿ ಬಿಗಿಯಾಯಿತು. ಆ ಮಾಸ್ತರರ ಮಾತನ್ನೇ ಇವರೂ ಆಡಿದರೆ? ಶಟರಿನ ನೆರಳಲ್ಲಿ ಅವಳು ಮಣಿಕಟ್ಟು ಹಿಡಿದದ್ದು ನೆನಪಾಯಿತು. ಬೆರಳು ಸಡಿಲಿಸಿದೆ.

“ಈ ಮೆಟ್ಟಲ ಸಲುವಾಗಿ ಡಿಪೋದಾಗ ನಾ ಎಷ್ಟ ಬೈಸ್ಕೊಂಡೇನಿ, ಗೊತ್ತೈತೇನಲೇ?” ಎಂದರು ಕಾಕಾ, ನನ್ನನ್ನು ನೋಡಿ. “ಆದ್ರೂ ನೆಟ್ಟಗ ಮಾಡಸಲಿಲ್ಲ. ಹೊರಗಿನ ಕನ್ನಡಿಯೊಳಗ ನೀ ಕಾಣ್ತಿದ್ದಿ. ಒಳಗಿನ ಕನ್ನಡಿಯೊಳಗ ಗಾಜು ಒರಸಾಕಿ ಕಾಣ್ತಿದ್ಲು.”

ಬಾಗಿಲ ಹಿಂದೆ ಬಳೆ ಸದ್ದಾಯಿತು.

ಅವರು ಫೋನ್ ತೆಗೆದು ಸಿಂದಗಿಗೆ ಹಚ್ಚಿದರು. ನಾಳೆ ಬರುವುದು ಬೇಡ, ತಪ್ಪು ತಿಳಿಯಬೇಡಿರಿ ಎಂದರು. ಆಮೇಲೆ ನನ್ನತ್ತ ತಿರುಗಿದರು.

“ಇನ್ನೂ ಅಲ್ಲೇ ಯಾಕ ಜೋತು ಬಿದ್ದಿ? ಒಳಗ ಬಾ.”

ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದೆ. ಎದುರಿಗೆ ಬಂದ ಸುಮಂಗಲಾ ರೂಢಿಯಂತೆ ಓಢಣಿಯ ಅಂಚು ಎತ್ತಿದಳು. ಒರೆಸಲು ನಡುವೆ ಗಾಜು ಇರಲಿಲ್ಲ.